ಕಪ್ಪು ಬಟ್ಟೆಗೊಂದು ರೆಸಿನ್

ಅವಳು ಬಲಗಾಲಿನ ಬೂಟನ್ನು ಬಿಚ್ಚಿ, ಬೋರಲು ಹಿಡಿದು, ಒಳಗಿದ್ದ ನೀರನ್ನು ಹೊಸಿಲಾಚೆ ಸುರಿದಳು. ಆಮೇಲೆ ಅದನ್ನು ಕಬ್ಬಿಣದ ಪಟ್ಟಿಗಳ ಸಮೇತ ನನ್ನ ಮೇಜಿನ ಮೇಲಿಟ್ಟಳು.

“ನೋಡಿ ಸಾ, ಮೂರು ವರ್ಸದಲ್ಲಿ ಇದು ನಾಕನೇ ಬೂಟು. ಡೇರಿ ನೆಲ ಅಂದ್ರೆ ಒತ್ತಾರೆ ಸಂಜೆ ನೀರೇಯ. ತೊಗಲು ಕೊಳೀತದೆ, ಕಬ್ಬುಣ ತುಕ್ಕಿಡೀತದೆ. ನೀರಿಗೆ ಜಗ್ಗದೇ ಇರೋದು ಏನಾರ ಇದ್ರೆ ಮಾಡ್ಕೊಡಿ.”

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷಗಳಾಗಿದ್ದವು. ಪ್ರತಿ ಸೋಮವಾರ ನಂಜನಗೂಡಿನ ಛತ್ರವೊಂದರ ಮುಂಗೋಣೆಯಲ್ಲಿ ಕುಳಿತು ಪೋಲಿಯೊ ಆದವರ ಕಾಲಿನ ಅಳತೆ ತೆಗೆದುಕೊಳ್ಳುವುದು, ಉಳಿದ ದಿನಗಳಲ್ಲಿ ತಿ. ನರಸೀಪುರದ ಒಂದು ಕೋಣೆಯ ವರ್ಕ್‌ಶಾಪಿನಲ್ಲಿ ಆ ಅಳತೆಗೆ ಕ್ಯಾಲಿಪರ್ ಮಾಡುವುದು ನನ್ನ ಕೆಲಸ. ಕ್ಯಾಲಿಪರ್ ಎಂದರೆ ಸೋತ ಕಾಲನ್ನು ನೆಟ್ಟಗೆ ಹಿಡಿದುಕೊಳ್ಳುವ ಆಧಾರ: ಆಚೆ ಈಚೆ ಕಬ್ಬಿಣದ ಪಟ್ಟಿ, ಮೀನಖಂಡಕ್ಕೆ ತೊಗಲಿನ ಬೆಲ್ಟು, ಕೆಳಗೆ ಬೂಟು. ಮೈಸೂರಿನ ಒಂದು ಟ್ರಸ್ಟ್ ನನ್ನನ್ನು ಇಲ್ಲಿಗೆ ಕಳಿಸಿತ್ತು. ವರ್ಕ್‌ಶಾಪಿನಲ್ಲಿ ನಾನೊಬ್ಬನೇ. ಹಿಂದಿನ ಗೋಡೆಗೆ ಒತ್ತಿ ಹಾಕಿದ ಮಂಚದಲ್ಲೇ ಮಲಗುತ್ತಿದ್ದೆ. ಹೆಂಡತಿ ಹಿರಿಯೂರಿನ ಕಡೆ ಪ್ರಾಥಮಿಕ ಶಾಲೆಯ ಮೇಡಂ. ವರ್ಗಾವಣೆಗೆ ಬರೆದ ಅರ್ಜಿಗಳಿಗೆ ಉತ್ತರ ಬಂದಿರಲಿಲ್ಲ. ಭಾನುವಾರ ಎಸ್‌ಟಿಡಿ ಬೂತಿನಿಂದ ಅವಳಿಗೆ ಫೋನ್ ಮಾಡುತ್ತಿದ್ದೆ. ಸೋಮವಾರ ರೋಗಿಗಳ ಜೊತೆ ಮಾತು. ಮಂಗಳವಾರದಿಂದ ಶನಿವಾರದವರೆಗೆ ಹೋಟೆಲಿನ ಮಾಣಿಗೆ ಹೇಳುವ “ಎರಡು ಇಡ್ಲಿ, ಒಂದು ಕಾಫಿ” ಬಿಟ್ಟರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಬೂಟು ತಂದವಳು ಹುಲ್ಲಹಳ್ಳಿಯಿಂದ ಎರಡು ಮೈಲಿ ಒಳಗಿರುವ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಟೆಸ್ಟರ್. ಜನ ತಂದ ಹಾಲಿನ ಡಿಗ್ರಿ ನೋಡಿ ಬರೆದುಕೊಳ್ಳುವವಳು. ಊರಲ್ಲಿ ಅವಳನ್ನು ಟೆಸ್ಟರಮ್ಮ ಎಂದೇ ಕರೆಯುತ್ತಿದ್ದರು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ತಾಯಿಯ ಜೊತೆ ಇದ್ದಳು. ಎರಡು ವರ್ಷದವಳಿದ್ದಾಗ ಬಂದ ಜ್ವರ ಬಲಗಾಲಿನ ಮೊಣಕಾಲಿನ ಕೆಳಗಿನ ಶಕ್ತಿಯನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಪಾದ ಜೋತು ಬೀಳುತ್ತಿತ್ತು, ಪಾದದ ಕೀಲಾದ ಹರಡು ನಿಲ್ಲುತ್ತಿರಲಿಲ್ಲ.

ಇಂಥ ಕಾಲಿಗೆ ಬಿಳಿ ಪ್ಲಾಸ್ಟಿಕ್ಕಿನ ಆಧಾರ ಆಗಲೇ ಬಂದಿತ್ತು. ಅವಳಿಗೂ ಒಂದು ಮಾಡಿಸಿದ್ದರು. ಒದ್ದೆ ನೆಲದ ಮೇಲೆ ಹಾಲಿನ ಕ್ಯಾನು ಎಳೆಯುವ ಹೆಂಗಸಿನ ಭಾರಕ್ಕೆ ಅದು ಹಿಮ್ಮಡಿಯ ಹತ್ತಿರ ಬಾಗಿ ಬಾಗಿ ಸೋತುಹೋಗಿತ್ತು. ಹಗುರವೂ ಇರಬೇಕು, ಬಾಗಲೂಬಾರದು, ನೀರಿಗೂ ಹೆದರಬಾರದು. ನನ್ನ ತಲೆಗೆ ಬಂದದ್ದು ಕಾರ್ಬನ್ ಫೈಬರ್, ಇಂಗಾಲದ ನೂಲಿನಿಂದ ನೇಯ್ದ ಕಪ್ಪು ಬಟ್ಟೆ.

ಅದರ ಒಂದಷ್ಟು ತುಂಡು ನನ್ನ ಹತ್ತಿರ ಇತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಕಟ್ಟಡವೊಂದರ ಕಂಬಗಳು ಬಿರುಕು ಬಿಟ್ಟಿದ್ದವು. ಅವುಗಳಿಗೆ ಸುತ್ತಲೂ ಕಪ್ಪು ಬಟ್ಟೆ ಸುತ್ತಿ ಬಲಪಡಿಸುವ ಕೆಲಸ ನಡೆದಿತ್ತು. ಉಳಿದ ಅಂಚುಗಳನ್ನು ಕೇಳಿದಾಗ ಅಲ್ಲಿನ ಕೆಲಸಗಾರನೊಬ್ಬ ಸುರುಳಿ ಸುತ್ತಿ ಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ.

“ಇದುಕ್ಕೆ ಎಪಾಕ್ಸಿನೇ ಆಗ್ಬೇಕು ಸಾ. ಬೇರೆದು ಇದುನ್ನ ಇಡಿಯಲ್ಲ.”

ನಾನು ತಲೆಯಾಡಿಸಿದೆ. ಆ ಮಾತು ಕಿವಿಗೆ ಬಿತ್ತು, ಅಷ್ಟೇ.

ಕಾರ್ಬನ್ ಬಟ್ಟೆ ಬರಿಯ ಬಟ್ಟೆಯಾಗಿದ್ದಾಗ ಸೀರೆಯ ಸೆರಗಿನಂತೆ ಕೈಯಿಂದ ಜಾರುತ್ತದೆ. ರೆಸಿನ್ ಎಂಬ ಅಂಟು ದ್ರವ ಕುಡಿದು ಗಟ್ಟಿಯಾದಾಗ ಮಾತ್ರ ಅದಕ್ಕೆ ಆಕಾರ, ಬಲ. ಎರಡೂ ಒಂದಾದರೆ ಕಬ್ಬಿಣಕ್ಕೆ ಸಮ. ಒಂದಾಗದಿದ್ದರೆ ಬರಿಯ ನೂಲು, ಬರಿಯ ಅಂಟು. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಕೈಗೆ ಗೊತ್ತಿದ್ದದ್ದು ಪಾಲಿಯೆಸ್ಟರ್ ರೆಸಿನ್ ಒಂದೇ. ಅದೇ ಕೈಗಾರಿಕಾ ಪ್ರದೇಶದಲ್ಲಿ ಗಾಜಿನ ನಾರಿನ ನೀರಿನ ಟ್ಯಾಂಕ್ ಮಾಡುವ ಒಂದು ಶೆಡ್ಡಿತ್ತು. ಅಲ್ಲಿನ ಫೋರ್‌ಮನ್ ಪರಿಚಯ. ಕೇಳಿದರೆ ಒಂದು ಕ್ಯಾನು ರೆಸಿನ್ನನ್ನು ಸುಮ್ಮನೆ ಕೊಡುತ್ತಿದ್ದರು. ಗಟ್ಟಿಯಾಗಿಸುವ ದ್ರಾವಣವನ್ನು ಹನಿ ಲೆಕ್ಕದಲ್ಲಿ ಬೆರೆಸಿದರೆ ಅರ್ಧ ಗಂಟೆಯಲ್ಲಿ ಕಲ್ಲು. ಬೇಗ ಬೇಕಾದರೆ ಎರಡು ಹನಿ ಹೆಚ್ಚು. ಇಷ್ಟು ಸಲೀಸಾದದ್ದು ಕೈಯಲ್ಲೇ ಇರುವಾಗ, ಬೆಂಗಳೂರಿನಿಂದ ತರಿಸಬೇಕಾದ, ಹೆಸರಷ್ಟೇ ಕೇಳಿದ್ದ ಎಪಾಕ್ಸಿ ಯಾಕೆ ಎಂದುಕೊಂಡೆ.

ಟೆಸ್ಟರಮ್ಮನ ಕಾಲಿಗೆ ಪ್ಲಾಸ್ಟರ್ ಬ್ಯಾಂಡೇಜು ಸುತ್ತಿ ಅಚ್ಚು ತೆಗೆದೆ. ಪಕ್ಕದಲ್ಲಿ ತಾಯಿ ಕುಳಿತಿದ್ದರು. ನರಸೀಪುರಕ್ಕೆ ತಂದು ಅದರೊಳಗೆ ಪ್ಲಾಸ್ಟರ್ ಸುರಿದು ಕಾಲಿನ ಪ್ರತಿರೂಪ ಮಾಡಿದೆ, ನಾಲ್ಕು ದಿನ ಬಿಸಿಲಿಗಿಟ್ಟು ಒಣಗಿಸಿದೆ. ಮೇಣ ಸವರಿ, ಒಂದೊಂದೇ ಪದರ ಬಟ್ಟೆ ಹಾಸಿ, ಬ್ರಷ್ಷಿನಿಂದ ರೆಸಿನ್ ಕುಡಿಸಿದೆ. ಕಪ್ಪು ಬಟ್ಟೆಯಲ್ಲಿ ಒಂದು ತೊಡಕಿದೆ. ಗಾಜಿನ ಬಟ್ಟೆಯಾದರೆ ರೆಸಿನ್ ಕುಡಿದ ಜಾಗ ಪಾರದರ್ಶಕವಾಗುತ್ತದೆ, ಒಣಗಿದ ಜಾಗ ಬೆಳ್ಳಗೆ ಉಳಿಯುತ್ತದೆ, ತಪ್ಪು ಕಣ್ಣಿಗೆ ಕಾಣುತ್ತದೆ. ಕಪ್ಪು ಬಟ್ಟೆ ಒದ್ದೆಯಾದರೂ ಕಪ್ಪು, ಒಣಗಿದ್ದರೂ ಕಪ್ಪು. ಮೇಲ್ಮೈ ಹೊಳೆಯಿತು, ನಾನು ನಂಬಿದೆ.

ಫೆಬ್ರವರಿಯ ಮೊದಲ ಸೋಮವಾರ ಅವಳಿಗೆ ತೊಡಿಸಿದೆ. ಹಿಂದಿನ ಕಬ್ಬಿಣದ್ದರ ನಾಲ್ಕನೇ ಒಂದು ಭಾಗದಷ್ಟೂ ತೂಕವಿರಲಿಲ್ಲ. ಸಾದಾ ಚಪ್ಪಲಿ ಹಾಕಿಕೊಂಡು ಛತ್ರದ ಅಂಗಳವನ್ನು ಎರಡು ಸುತ್ತು ಹಾಕಿ ಬಂದು, ಏದುಸಿರು ಬಿಡುತ್ತ, “ಅವ್ವಾ, ಕಾಲು ಇದ್ಯೋ ಇಲ್ವೋ ಅನ್ನಂಗದೆ” ಎಂದಳು. ತಾಯಿ ನನಗೆ ಕೈಮುಗಿದರು. ನಾನು ಆ ಭಾನುವಾರ ಹೆಂಡತಿಗೆ ಫೋನ್ ಮಾಡಿ ಹತ್ತು ನಿಮಿಷ ಅದನ್ನೇ ಹೇಳಿದೆ.

ಹದಿನೆಂಟನೆಯ ದಿನ ಅದು ಮುರಿಯಿತು.

ನನಗೆ ಗೊತ್ತಾದದ್ದು ಮುಂದಿನ ಸೋಮವಾರ. ತಾಯಿ ಒಬ್ಬರೇ ಬಂದರು. ಚೀಲದಿಂದ ಎರಡು ತುಂಡು ತೆಗೆದು ಮೇಜಿನ ಮೇಲೆ ಹಾಕಿದರು.

“ತುಂಬಿದ ಕ್ಯಾನು ಎಳೀತಿದ್ಲಂತೆ. ಪಟ್ ಅಂತ ಸದ್ದಾಯ್ತಂತೆ. ಕ್ಯಾನಿನ ಮ್ಯಾಲೇ ಬಿದ್ಳು. ಮುಂಗೈ ಮುರಿದದೆ.”

“ಯಾವ ಕೈ?” ಎಂದು ಕೇಳಿದೆ.

“ಬಲಗೈ. ಬರಿಯೋ ಕೈ. ಆರು ವಾರ ಕಟ್ಟು ಬಿಚ್ಚಂಗಿಲ್ಲ ಅಂದವ್ರೆ ಡಾಕ್ಟ್ರು. ಡೇರಿ ಸೆಕ್ರೆಟ್ರಿ ಆಗ್ಲೇ ಇನ್ನೊಬ್ಬರನ್ನ ಕೂರಿಸವ್ನೆ. ಆ ಕಬ್ಬುಣನೇ ಇದ್ದಿದ್ರೆ ಭಾರ ಆದ್ರೂ ನಿಂತ್ಕತಿತ್ತು ಕಣಪ್ಪ.”

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಎದ್ದು ಹೋದರು.

ಆ ತುಂಡುಗಳನ್ನು ನರಸೀಪುರಕ್ಕೆ ತಂದು ಗರಗಸದಿಂದ ಅಡ್ಡ ಕೊಯ್ದೆ. ಹಿಮ್ಮಡಿಯ ಮೇಲಿನ ತಿರುವಿನಲ್ಲಿ ಮುರಿದಿತ್ತು. ಪದರಗಳು ಈರುಳ್ಳಿ ಸಿಪ್ಪೆಯಂತೆ ಬಿಟ್ಟುಕೊಂಡಿದ್ದವು. ಒಳಗಿನ ನೂಲನ್ನು ಉಗುರಿನಿಂದ ಕೆದರಿದರೆ ಒಣಗಿದ ಎಳೆ ಎದ್ದು ಬಂತು. ಅಲ್ಲಿಗೆ ರೆಸಿನ್ ತಲುಪಿಯೇ ಇರಲಿಲ್ಲ. ತಲುಪಿದ ಜಾಗದಲ್ಲೂ ಹಿಡಿದಿರಲಿಲ್ಲ, ನುಣ್ಣಗೆ ಬಿಟ್ಟುಕೊಂಡಿತ್ತು. ಈ ಬಟ್ಟೆಯ ನೂಲಿಗೆ ಕಾರ್ಖಾನೆಯಲ್ಲೇ ಒಂದು ತೆಳು ಲೇಪ ಕೊಟ್ಟಿರುತ್ತಾರೆ. ನನ್ನ ಕೈಯಲ್ಲಿದ್ದ ಬಟ್ಟೆಯ ಲೇಪ ಎಪಾಕ್ಸಿಗೆಂದು ಮಾಡಿದ್ದು. ಪಾಲಿಯೆಸ್ಟರ್ ಅದಕ್ಕೆ ಪರಕೀಯ. ಜೊತೆಗೆ ಪಾಲಿಯೆಸ್ಟರ್ ಗಟ್ಟಿಯಾಗುವಾಗ ಕುಗ್ಗುತ್ತದೆ, ತಿರುವುಗಳಲ್ಲಿ ತಾನೇ ಪದರಗಳನ್ನು ಎಳೆದು ಬಿಡಿಸುತ್ತದೆ. ಕಂಬ ಸುತ್ತುತ್ತಿದ್ದ ಆ ಕೆಲಸಗಾರ ಇದನ್ನೆಲ್ಲ ಒಂದೇ ಸಾಲಿನಲ್ಲಿ ಹೇಳಿದ್ದ.

ಭಾನುವಾರ ಬೂತಿಗೆ ಹೋದೆ. “ಎಲ್ಲಾ ಚೆನ್ನಾಗಿದೆಯಾ?” ಎಂದಳು ಹೆಂಡತಿ. “ಚೆನ್ನಾಗಿದೆ” ಎಂದೆ. “ಆ ಡೇರಿ ಹುಡುಗಿ?” “ಓಡಾಡ್ತಿದ್ದಾಳೆ.” ಗಾಜಿನ ಬಾಗಿಲಾಚೆ ಇನ್ನೊಬ್ಬರು ಕಾಯುತ್ತಿದ್ದರು. ಅದನ್ನೇ ನೆಪ ಮಾಡಿ ಫೋನ್ ಇಟ್ಟೆ.

ಮೈಸೂರಿಗೆ ಹೋಗಿ ಟ್ರಸ್ಟಿನ ಮುಖ್ಯಸ್ಥರಿಗೆ ನಡೆದದ್ದನ್ನೆಲ್ಲ ಹೇಳಿದೆ. ಬರೆದೂ ಕೊಟ್ಟೆ. ಓದಿ ಮುಗಿಸುವಷ್ಟರಲ್ಲಿ ಅವರ ಮುಖ ಬಿಗಿದುಕೊಂಡಿತ್ತು.

“ಯಾರನ್ನ ಕೇಳಿ ಮಾಡಿದ್ರಿ ಇದನ್ನ? ಕಬ್ಬಿಣದ್ದೇ ಮಾಡಿಕೊಡಿ, ಸಾಕು.”

“ಸರ್, ತಪ್ಪು ಬಟ್ಟೆಯದಲ್ಲ, ರೆಸಿನ್ನಿಂದು. ಸರಿಯಾದ ರೆಸಿನ್ ಹಾಕಿದರೆ...”

“ಸರಿಯಾದದ್ದು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಇನ್ನೊಂದು ಸಲ ಆ ಹುಡುಗಿ ಬಿದ್ದ ಮೇಲಾ? ಅಷ್ಟು ನಂಬಿಕೆ ಇದ್ದರೆ ಮೊದಲು ನಿಮ್ಮ ಕಾಲಿಗೆ ಹಾಕಿಕೊಂಡು ಓಡಾಡಿ ನೋಡೋಣ.”

ಅವರು ಸಿಟ್ಟಿನಲ್ಲಿ ಆಡಿದ ಮಾತು ಅದು. ನರಸೀಪುರದ ಬಸ್ಸಿನಲ್ಲಿ ಕುಳಿತು ಬರುತ್ತ ಅದನ್ನೇ ಮಾಡಬೇಕು ಎಂದು ತೀರ್ಮಾನಿಸಿದೆ. ಬೇರೆ ಯಾವ ಪರೀಕ್ಷೆಯ ಮೇಲೂ ನನಗೆ ವಿಶ್ವಾಸ ಉಳಿದಿರಲಿಲ್ಲ. ಬೆಂಗಳೂರಿಗೆ ಹೋಗಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವಷ್ಟು ದೊಡ್ಡ ಕೆಲಸವೂ ನನ್ನದಾಗಿರಲಿಲ್ಲ. ಆದರೆ ಎಪಾಕ್ಸಿಯೇ ಆಗಬೇಕೇ, ಬೇರೆ ರೆಸಿನ್ನೂ ಆದೀತೇ ಎಂದು ಮೊದಲು ಕೈಯಾರೆ ನೋಡಬೇಕಿತ್ತು.

ಟ್ಯಾಂಕಿನ ಶೆಡ್ಡಿಗೆ ಹೋಗಿ ಫೋರ್‌ಮನ್ ಮುಂದೆ ಮುರಿದ ತುಂಡು ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

“ಇವ್ರೇ, ನಾನು ಕೊಟ್ಟಿದ್ದು ಟ್ಯಾಂಕಿನ ಮಾಲು. ಟ್ಯಾಂಕು ಒಂದ್ಕಡೆ ಕೂತಿರ್ತದೆ. ಕಾಲು ಕೂರ್ತದಾ?” ಎಂದರು. ಆಮೇಲೆ ಒಳಗೆ ಹೋಗಿ ಇನ್ನೊಂದು ಸಣ್ಣ ಡಬ್ಬ ತಂದರು. “ಇದು ವಿನೈಲ್ ಎಸ್ಟರ್. ಆಸಿಡ್ ಟ್ಯಾಂಕಿಗೆ ತರ್ಸಿದ್ದು. ಅದಕ್ಕಿಂತ ಜಿಗುಟು ಜಾಸ್ತಿ. ನೋಡಿ ಮಾಡಿ. ಎಪಾಕ್ಸಿ ವಿಚಾರ ನಂಗೆ ಗೊತ್ತಿಲ್ಲಪ್ಪ, ಸುಳ್ಳು ಹೇಳಲ್ಲ.”

ಮಾರ್ಚ್ ಇಡೀ ತಿಂಗಳು ಪಟ್ಟಿಗಳನ್ನು ಮಾಡಿದೆ. ಒಂದು ಗೇಣು ಉದ್ದ, ಎರಡು ಬೆರಳು ಅಗಲ, ಒಂದೇ ಬಟ್ಟೆಯ ಒಂದೇ ಸಂಖ್ಯೆಯ ಪದರ. ಬದಲಾಗುವುದು ರೆಸಿನ್ ಮಾತ್ರ. ತೊಗಲು ಹೊಲಿಯುವ ನನ್ನ ಮಿಷನ್ನಿನ ಪೆಡಲಿಗೆ ಒಂದು ಕಡ್ಡಿ ಸಿಕ್ಕಿಸಿ, ಒಂದು ತುಳಿತಕ್ಕೆ ಪಟ್ಟಿ ಒಂದು ಸಲ ಬಾಗುವಂತೆ ಮಾಡಿಕೊಂಡೆ. ಬೆಳಿಗ್ಗೆ ಕ್ಯಾಲಿಪರ್ ಕೆಲಸ ಮುಗಿಸಿ ಮಧ್ಯಾಹ್ನ ಕುಳಿತು ತುಳಿಯುವುದು. ನೂರಕ್ಕೊಂದು ಹುಣಿಸೆಬೀಜ ತಟ್ಟೆಗೆ ಹಾಕುವುದು. ಪಾಲಿಯೆಸ್ಟರ್ ಪಟ್ಟಿ ಮೂವತ್ತನೆಯ ಬೀಜಕ್ಕೆ ಮೊದಲೇ ಟಿಕ್ ಟಿಕ್ ಎಂದು ಒಳಗೆ ಬಿಡತೊಡಗಿತು. ಆ ಸದ್ದು ಕೇಳಿದಾಗೆಲ್ಲ ತುಂಬಿದ ಕ್ಯಾನು ಎಳೆಯುತ್ತಿದ್ದವಳು ಕಣ್ಣ ಮುಂದೆ ಬರುತ್ತಿದ್ದಳು.

ವಿನೈಲ್ ಎಸ್ಟರ್ ಚೆನ್ನಾಗಿಯೇ ತಡೆಯಿತು. ಆದರೆ ಒಂದೇ ಕಿಟಕಿಯ ಕೋಣೆಯಲ್ಲಿ ಅದರ ವಾಸನೆ ತಲೆ ಸಿಡಿಯುವಂತೆ ಮಾಡುತ್ತಿತ್ತು. ನಾನು ಮಲಗುವುದೂ ಅಲ್ಲೇ. ಎರಡನೆಯ ಸಲ ಡಬ್ಬ ತೆರೆದಾಗ ಅದು ಗಂಜಿಯಂತೆ ಗರಣೆಗಟ್ಟಿತ್ತು. ಡಬ್ಬದ ಮೇಲಿನ ಅವಧಿ ಮುಗಿದು ಬಹಳ ದಿನವಾಗಿದ್ದನ್ನು ಫೋರ್‌ಮನ್ನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಎಪಾಕ್ಸಿ ಎಂದು ಮೊದಲು ತಂದದ್ದು ಕಲ್ಲು ಅಂಟಿಸುವ ಅಂಗಡಿಯಿಂದ. ಜೇನಿಗಿಂತ ಮಂದ. ಬಟ್ಟೆಯ ಮೇಲೆ ಕೂರುತ್ತಿತ್ತೇ ಹೊರತು ಒಳಗಿಳಿಯುತ್ತಿರಲಿಲ್ಲ. ಅಂಟಿಸುವ ಎಪಾಕ್ಸಿ ಬೇರೆ, ಬಟ್ಟೆಗೆ ಕುಡಿಸುವ ಎಪಾಕ್ಸಿ ಬೇರೆ ಎಂದು ಗೊತ್ತಾದದ್ದು ಬೆಂಗಳೂರಿನ ಮಾರಾಟಗಾರನಿಗೆ ಫೋನ್ ಮಾಡಿದಾಗ. ಆತ ನೀರಿನಂತೆ ತೆಳುವಾದ ರೆಸಿನ್ನನ್ನೂ ಅದನ್ನು ಗಟ್ಟಿಯಾಗಿಸುವ ಹಾರ್ಡನರನ್ನೂ ಪಾರ್ಸೆಲ್ ಮಾಡಿದ. “ಫಾಸ್ಟ್ ಬೇಕಾ ಸ್ಲೋ ಬೇಕಾ?” ಎಂದು ಕೇಳಿದ್ದಕ್ಕೆ “ಫಾಸ್ಟ್” ಎಂದಿದ್ದೆ. ಅರ್ಧ ಗಂಟೆಯ ಪಾಲಿಯೆಸ್ಟರಿಗೆ ಒಗ್ಗಿದ ಕೈ ನನ್ನದು.

ಪ್ಲಾಸ್ಟಿಕ್ ಮಗ್ಗಿನಲ್ಲಿ ಅರ್ಧ ಮಗ್ಗು ಕಲಸಿ, ಬಟ್ಟೆ ಕತ್ತರಿಸಲು ಆ ಕಡೆ ತಿರುಗಿದೆ. ಸುಟ್ಟ ವಾಸನೆ ಬಂದು ನೋಡಿದರೆ ಮಗ್ಗಿನಿಂದ ಹೊಗೆ. ತಳ ಕರಗಿ ಮೇಜಿಗೆ ಅಂಟಿಕೊಳ್ಳುತ್ತಿತ್ತು. ಇಕ್ಕಳದಲ್ಲಿ ಹಿಡಿದು ಹಿತ್ತಲಿಗೆ ಎಸೆದೆ. ಮುಂದಿನ ಸೈಕಲ್ ಷಾಪಿನವರು ಓಡಿ ಬಂದರು.

“ಏನ್ ಸಾ, ಬೆಂಕಿ ಬಿತ್ತಾ?”

“ಇಲ್ಲ ಇಲ್ಲ, ಅಂಟು.”

“ಅಂಟು ಎಲ್ಲಾರ ಹೊಗೆ ಆಡ್ತದಾ ಸಾ?” ಎಂದು ಅನುಮಾನದಿಂದ ನೋಡುತ್ತ ಹೊರಟರು.

ಎಪಾಕ್ಸಿ ಗಟ್ಟಿಯಾಗುವಾಗ ತನ್ನೊಳಗೇ ಶಾಖ ಹುಟ್ಟಿಸುತ್ತದೆ. ಹೆಚ್ಚು ರಾಶಿ, ಹೆಚ್ಚು ಶಾಖ. ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಬೇಕು. ಇನ್ನೊಂದು ಪಾಠ ಇದಕ್ಕಿಂತ ನಿಧಾನವಾಗಿ ಬಂತು. ಸ್ಲೋ ಹಾರ್ಡನರ್ ತರಿಸಿ ಮಾಡಿದ ಪಟ್ಟಿ ಮೂರು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಬೇಗ ಗಟ್ಟಿಯಾಗಲೆಂದು ನಾನು ಹಳೆಯ ಅಭ್ಯಾಸದಲ್ಲಿ ಒಂದಿಷ್ಟು ಹೆಚ್ಚೇ ಸುರಿದಿದ್ದೆ. ಮತ್ತೆ ಬೆಂಗಳೂರಿಗೆ ಫೋನ್.

“ಸಾರ್, ಪಾಲಿಯೆಸ್ಟರಿಗೆ ಹಾಕೋದು ಬರೀ ಕಿಚ್ಚು ಹಚ್ಚೋಕೆ,” ಎಂದ ಮಾರಾಟಗಾರ. “ಇದರಲ್ಲಿ ಹಾರ್ಡನರೇ ರೆಸಿನ್ನಿನ ಜೊತೆ ಸೇರ್ಕೊಂಡು ಗಟ್ಟಿ ಆಗೋದು. ನೂರಕ್ಕೆ ಮೂವತ್ತು ಅಂದ್ರೆ ಮೂವತ್ತೇ. ಜಾಸ್ತಿ ಆದ್ರೂ ಕೆಟ್ಟಿತು, ಕಮ್ಮಿ ಆದ್ರೂ ಕೆಟ್ಟಿತು. ಅಳತೆ ಲೋಟದಲ್ಲಿ ಬೇಡ, ತೂಕ ಹಾಕಿ.”

ಚಿನಿವಾರರೊಬ್ಬರು ಬಳಸದೆ ಇಟ್ಟಿದ್ದ ಸಣ್ಣ ತಕ್ಕಡಿ ಕೇಳಿ ತಂದೆ. ತೂಗಿ ಕಲಸಿದ ಪಟ್ಟಿ ಮರುದಿನ ಬೆಳಿಗ್ಗೆ ಗಾಜಿನಂತೆ ಗಟ್ಟಿಯಾಗಿ ಎದ್ದು ಬಂತು. ಪೆಡಲಿಗೆ ಸಿಕ್ಕಿಸಿ ತುಳಿದೆ. ಒಂದು ದಿನ, ಎರಡು ದಿನ, ಐದು ದಿನ. ಹುಣಿಸೆಬೀಜವೆಲ್ಲ ಮುಗಿದು ಮತ್ತೆ ಮೊದಲಿನಿಂದ ಹಾಕತೊಡಗಿದೆ. ಸದ್ದಿಲ್ಲ. ಗರಗಸದಿಂದ ಕೊಯ್ದರೆ ಒಳಗೆ ಒಂದೂ ಒಣ ಎಳೆಯಿಲ್ಲ. ಸ್ಲೋ ಹಾರ್ಡನರ್ ಒಂದು ಗಂಟೆಗೂ ಹೆಚ್ಚು ಹೊತ್ತು ನೀರಾಗಿಯೇ ಉಳಿಯುವುದರಿಂದ, ಒಂದೊಂದು ಪದರವನ್ನೂ ರೋಲರಿನಿಂದ ಉಜ್ಜಿ ಕುಡಿಸಲು ಸಮಯ ಸಿಕ್ಕಿತ್ತು. ಹೊಸಬನಿಗೆ ಬೇಕಾದದ್ದು ಬೇಗ ಗಟ್ಟಿಯಾಗುವ ರೆಸಿನ್ ಅಲ್ಲ, ಕಾಯುವ ರೆಸಿನ್ ಎಂದು ಆಗ ತಿಳಿಯಿತು.

ಆ ಸಂತೋಷ ಎರಡು ದಿನವೂ ಉಳಿಯಲಿಲ್ಲ. ಅದೇ ರೆಸಿನ್ನಿನ ಇನ್ನೊಂದು ಪಟ್ಟಿಯನ್ನು ಮಧ್ಯಾಹ್ನ ಹಿತ್ತಲಿನ ತಗಡಿನ ಮೇಲೆ ಒಂದು ಕಲ್ಲು ಹೇರಿ ಇಟ್ಟಿದ್ದೆ. ಸಂಜೆ ನೋಡಿದರೆ ಬಿಲ್ಲಿನಂತೆ ಬಾಗಿ ನಿಂತಿತ್ತು. ಕೋಣೆಯ ತಂಪಿನಲ್ಲಿ ಗಟ್ಟಿಯಾದ ಎಪಾಕ್ಸಿ ಬಿಸಿಲಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ಕಾದ ಬಸ್ಸಿನ ತಗಡಿನ ನೆಲದ ಮೇಲೆ ಕಾಲಿಟ್ಟು ನಿಂತರೆ? ತಲೆಯ ಮೇಲೆ ಕೈಹೊತ್ತು ಹಿತ್ತಲಿನಲ್ಲೇ ಕುಳಿತೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಸೈಕಲ್ ಷಾಪಿನವರು ಬಾಗಿಲು ಹಾಕಿಕೊಂಡು ಹೋಗಿದ್ದರು.

ಪರಿಹಾರ ಮಾರಾಟಗಾರ ಕಳಿಸಿದ ಚೀಟಿಯಲ್ಲೇ ಇತ್ತು. ನಾನು ಕಣ್ಣಾಡಿಸಿ ಬಿಟ್ಟಿದ್ದ ಕೊನೆಯ ಸಾಲು: ಗಟ್ಟಿಯಾದ ಮೇಲೆ ಅರವತ್ತು ಡಿಗ್ರಿಯಲ್ಲಿ ಎಂಟು ಗಂಟೆ ಬೇಯಿಸಿ. ಹಾಗೆ ಹದವಾಗಿ ಬೆಂದರೆ ಬಿಸಿಲಿಗೆ ಅದು ಮಣಿಯುವುದಿಲ್ಲ. ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ, ಒಳಗೆ ಬೆಳ್ಳಿ ಕಾಗದ ಅಂಟಿಸಿ, ನಾಲ್ಕು ಬಲ್ಬು ಹಾಕಿ, ಮೇಲೊಂದು ತೂತಿನಲ್ಲಿ ಥರ್ಮಾಮೀಟರ್ ಇಳಿಬಿಟ್ಟೆ. ಶಾಖ ಹೆಚ್ಚಾದರೆ ಒಂದು ಬಲ್ಬು ತಿರುಚಿ ಆರಿಸುವುದು, ಕಡಿಮೆಯಾದರೆ ಹೊತ್ತಿಸುವುದು. ಕರೆಂಟು ಹೋದರೆ ಕಂಬಳಿ ಹೊದಿಸಿ ಕಾಯುವುದು, ಬಂದ ಮೇಲೆ ಲೆಕ್ಕ ಮತ್ತೆ ಒಂದರಿಂದ. ಮೊದಲ ಎಂಟು ಗಂಟೆ ಕೂಡಲು ನನಗೆ ಮೂರು ದಿನ ಬೇಕಾಯಿತು. ಬೆಂದ ಪಟ್ಟಿ ತಗಡಿನ ಮೇಲೆ ಕಲ್ಲು ಹೊತ್ತು ಮಧ್ಯಾಹ್ನವಿಡೀ ನೆಟ್ಟಗೆ ಮಲಗಿತ್ತು.

ಏಪ್ರಿಲಿನಲ್ಲಿ ನನ್ನ ಬಲಗಾಲಿಗೆ ಅಚ್ಚು ತೆಗೆದುಕೊಂಡೆ. ತನ್ನ ಕಾಲಿಗೆ ತಾನೇ ಪ್ಲಾಸ್ಟರ್ ಸುತ್ತಿಕೊಳ್ಳುವುದು ಸುಲಭವಲ್ಲ. ಎರಡು ಸಲ ಕೆಟ್ಟಿತು. ಮೂರನೆಯದು ನಿಂತಿತು. ಎಪಾಕ್ಸಿ, ಸ್ಲೋ ಹಾರ್ಡನರ್, ತಕ್ಕಡಿ, ರೋಲರ್, ಪೆಟ್ಟಿಗೆ. ನನ್ನ ಕಾಲು ಗಟ್ಟಿ ಇದೆ, ಆಧಾರ ಅದಕ್ಕೆ ಬೇಕಿಲ್ಲ. ಆದರೆ ಭಾರ ಅದರ ಮೇಲೆಯೇ ಬೀಳಲೆಂದು ಹರಡನ್ನು ಸಡಿಲ ಬಿಟ್ಟು, ಬೆನ್ನಿಗೆ ಪ್ಲಾಸ್ಟರಿನ ಚೀಲ ಹೊತ್ತು ನಡೆಯುತ್ತಿದ್ದೆ. ಬೆಳಿಗ್ಗೆ ಹೊಳೆಯ ದಡದವರೆಗೆ, ಅಲ್ಲಿಂದ ಬಸ್ ಸ್ಟ್ಯಾಂಡು, ಅಲ್ಲಿಂದ ವರ್ಕ್‌ಶಾಪು. ದಿನಾ ಒಂದು ಬಕೆಟ್ಟು ನೀರಿನಲ್ಲಿ ಅರ್ಧ ಗಂಟೆ ಕಾಲು ಇಳಿಬಿಟ್ಟು ಕೂರುವುದೂ ಸೇರಿತ್ತು.

ಹರಡು ಮಡಿಯದೆ ನಡೆದರೆ ಕುಂಟು ಬರುತ್ತದೆ. ಹದಿನಾಲ್ಕು ವರ್ಷ ಕಾಲಿನ ಕೆಲಸ ಮಾಡಿದವನಿಗೆ ಊರು ಕುಂಟನನ್ನು ಹೇಗೆ ನೋಡುತ್ತದೆಂದು ಗೊತ್ತಿರಲಿಲ್ಲ. ಕಂಡಕ್ಟರು “ಬನ್ನಿ ಬನ್ನಿ, ಕೂತ್ಕೊಳಿ” ಎಂದು ಒಬ್ಬ ವಯಸ್ಸಾದವರನ್ನು ಎಬ್ಬಿಸಿ ಜಾಗ ಕೊಟ್ಟ. ಹೋಟೆಲಿನ ಮಾಣಿ ನಾನು ಕೈ ತೊಳೆಯಲು ಏಳುವ ಮೊದಲೇ ನೀರು ತಂದ. ಯಾರೂ ಏನಾಯಿತೆಂದು ಕೇಳಲಿಲ್ಲ. ಕಣ್ಣು ಕಾಲಿಗೆ ಬಿದ್ದು, ಮುಖಕ್ಕೆ ಬಾರದೆ, ಪಕ್ಕಕ್ಕೆ ಸರಿಯುತ್ತಿತ್ತು. ಮೊದಲೇ ಕಡಿಮೆಯಿದ್ದ ಮಾತು ಇನ್ನೂ ಕಡಿಮೆಯಾಯಿತು.

ಶಾಲೆಗೆ ರಜೆ ಬಂದು ಹೆಂಡತಿ ನರಸೀಪುರಕ್ಕೆ ಬಂದಳು. ಬಸ್ ಸ್ಟ್ಯಾಂಡಿಗೆ ಹೋಗುವಾಗ ಅದನ್ನು ಬಿಚ್ಚಿಟ್ಟು ಹೋಗಬಹುದಿತ್ತು. ದಿನದ ಲೆಕ್ಕ ತಪ್ಪುತ್ತದೆಂದು ಹಾಕಿಕೊಂಡೇ ಹೋದೆ. ಬಸ್ಸಿನಿಂದ ಇಳಿದವಳು ನಾನು ಕುಂಟುತ್ತ ಬರುವುದನ್ನು ನೋಡಿ ಬ್ಯಾಗು ನೆಲಕ್ಕೆ ಹಾಕಿದಳು.

“ರೀ, ಕಾಲಿಗೇನಾಯ್ತು?”

“ಏನೂ ಆಗಿಲ್ಲ. ಪರೀಕ್ಷೆಗೆ ಹಾಕಿಕೊಂಡಿದ್ದೀನಿ.”

“ಯಾರ ಪರೀಕ್ಷೆ? ಎಷ್ಟು ದಿನದಿಂದ?”

“ಮೂರು ವಾರ.”

ಅವಳು ಮೂರು ಭಾನುವಾರಗಳನ್ನು ಮನಸ್ಸಿನಲ್ಲೇ ಎಣಿಸಿದ್ದು ನನಗೆ ಗೊತ್ತಾಯಿತು. ವರ್ಕ್‌ಶಾಪಿಗೆ ಬಂದು ಮಂಚದ ಮೇಲೆ ಕುಳಿತ ಮೇಲೆ ಎಲ್ಲ ಹೇಳಿದೆ. ಬಿದ್ದದ್ದು, ಮುಂಗೈ, ತಾಯಿ ಕುತ್ತಿಗೆ ಒರೆಸಿಕೊಂಡು ಎದ್ದು ಹೋದದ್ದು.

“ಓಡಾಡ್ತಿದ್ದಾಳೆ ಅಂದ್ರಿ ನೀವು,” ಎಂದಳು ಕೊನೆಗೆ.

“ಹೇಳಕ್ಕಾಗಲಿಲ್ಲ.”

“ನನಗೇ ಹೇಳಕ್ಕಾಗಲಿಲ್ಲ ಅಂದ್ರೆ ಇನ್ನು ಯಾರಿಗೆ ಹೇಳ್ತೀರಿ?”

ಆಮೇಲೆ ಅವಳೇ ಬಗ್ಗಿ ಬೆಲ್ಟು ಬಿಚ್ಚಿ, ಮೀನಖಂಡದ ಮೇಲೆ ಅಂಚು ಒತ್ತಿ ಕೆಂಪಾಗಿದ್ದ ಜಾಗವನ್ನು ತೋರಿಸಿ, “ಇಲ್ಲಿ ಉಜ್ಜುತ್ತೆ. ಅವಳಿಗೂ ಉಜ್ಜಿರುತ್ತೆ, ಹೇಳಿರಲ್ಲ” ಎಂದಳು. ಆ ಅಂಚನ್ನು ಹೊರಕ್ಕೆ ಮಡಿಸಬೇಕೆಂಬುದು ನನಗೆ ಹೊಳೆದಿರಲಿಲ್ಲ. ಅವಳು ಇದ್ದ ಒಂದು ತಿಂಗಳು ಹೊಳೆಯ ದಡದವರೆಗೆ ಇಬ್ಬರೂ ನಡೆದೆವು. ಮೇ ಕೊನೆಗೆ ಅವಳನ್ನು ಬಸ್ಸು ಹತ್ತಿಸಿ ಬಂದ ದಿನ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಅಷ್ಟು ಹೊತ್ತಿಗೆ ನಾನು ತೊಟ್ಟದ್ದಕ್ಕೆ ಐವತ್ತು ದಿನ ತುಂಬಿತ್ತು. ಮೈಸೂರಿಗೆ ತೆಗೆದುಕೊಂಡು ಹೋಗಿ ಮುಖ್ಯಸ್ಥರ ಎದುರಿಗೇ ಗರಗಸ ಹಾಕಿದೆ. ಕೊಯ್ದ ಅಂಚನ್ನು ಅವರು ಕನ್ನಡಕ ತೆಗೆದು ನೋಡಿದರು.

“ನಾನು ಅವತ್ತು ಮಾತಿಗೆ ಅಂದದ್ದು ಕಣ್ರೀ,” ಎಂದರು.

“ಗೊತ್ತು ಸರ್.”

“ಅವಳು ಒಪ್ಪಿದರೆ ಮಾಡಿ.”

ಹುಲ್ಲಹಳ್ಳಿಯಲ್ಲಿ ಬಸ್ಸಿಳಿದು ಅವಳ ಊರಿಗೆ ನಡೆದೆ. ನಾಲೆಗೆ ನೀರು ಬಿಟ್ಟಿರಲಿಲ್ಲ. ಅವಳು ಜಗುಲಿಯಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಳು. ಕೈಯ ಕಟ್ಟು ಬಿಚ್ಚಿದ್ದರು. ಮುಂಗೈ ಸ್ವಲ್ಪ ಸೊಟ್ಟ ಕೂಡಿಕೊಂಡಿತ್ತು. ಪಕ್ಕದಲ್ಲಿ ಅದೇ ತುಕ್ಕಿನ ಕಬ್ಬಿಣ. ಸೆಕ್ರೆಟರಿ ಸಂಜೆಯ ಹೊತ್ತು ಮಾತ್ರ ಅವಳನ್ನು ಮತ್ತೆ ಕೂರಿಸಿದ್ದ. ಬೆಳಿಗ್ಗೆಯದು ಇನ್ನೊಬ್ಬರಿಗೇ ಉಳಿದಿತ್ತು.

ತಪ್ಪು ನನ್ನದು ಎಂದೆ. ಸರಿಯಾದ ಅಂಟು ಯಾವುದೆಂದು ಒಬ್ಬ ಮೊದಲೇ ಹೇಳಿದ್ದ, ನಾನು ಕೇಳಲಿಲ್ಲ ಎಂದೂ ಹೇಳಿದೆ. ತಾಯಿ ಒಳಗಿನಿಂದ ಬಾಗಿಲಿಗೆ ಬಂದು ನಿಂತರು.

“ಬ್ಯಾಡ ಕಣವ್ವ, ಇನ್ನೊಂದ್ಸಲ ಬಿದ್ರೆ ಸೊಂಟ ಓಯ್ತದೆ,” ಎಂದರು ಮಗಳಿಗೆ.

ಅವಳು ಕಾಳಿನ ಮೊರವನ್ನು ಪಕ್ಕಕ್ಕಿಟ್ಟಳು. “ಅದಿನೆಂಟು ದಿನ ಕಾಲು ಅಗುರಾಗಿತ್ತು ಅವ್ವಾ. ಅದುನ್ನ ನೀನು ಕಂಡಿಲ್ಲ, ನಾನು ಕಂಡಿವ್ನಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಈ ಸಲ ಮುರಿಯಲ್ಲ ಅಂತ ಎಂಗೇಳ್ತೀರಿ ಸಾ?” ಎಂದು ಕೇಳಿದಳು.

ಕೊಯ್ದ ತುಂಡನ್ನು ಅವಳ ಕೈಗೆ ಕೊಟ್ಟೆ. ಐವತ್ತು ದಿನ ನಾನೇ ಹಾಕಿಕೊಂಡಿದ್ದೆ ಎಂದೆ. ನಂಬಿಸಲಿಕ್ಕೆ ಪ್ಯಾಂಟು ಮೇಲೆತ್ತಿ ಮೀನಖಂಡದ ಮೇಲಿನ ಕಪ್ಪು ಗೀರು ತೋರಿಸಬೇಕಾಯಿತು. ತಾಯಿ ಬಗ್ಗಿ ನೋಡಿದರು. ಅವಳು ನಗಲಿಲ್ಲ. “ನಂಗೂ ಅಲ್ಲೇ ಉಜ್ಜಿತ್ತು,” ಎಂದಳು.

ಜೂನ್ ಎರಡನೆಯ ವಾರ ಹೊಸದನ್ನು ತೊಡಿಸಿದೆ. ಹಿಮ್ಮಡಿಯ ತಿರುವಿಗೆ ಎರಡು ಪದರ ಹೆಚ್ಚು, ಮೇಲಿನ ಅಂಚು ಹೊರಕ್ಕೆ. ಪ್ರತಿ ಸೋಮವಾರ ತಪ್ಪದೆ ತೋರಿಸಬೇಕೆಂದು ಹೇಳಿದೆ. ಮೂರು ಸೋಮವಾರ ಬಂದಳು. ನಾಲ್ಕನೆಯ ಸೋಮವಾರ ಬರಲಿಲ್ಲ. ಐದನೆಯದಕ್ಕೂ ಇಲ್ಲ. ಮಂಗಳವಾರ ಕೆಲಸಕ್ಕೆ ಕೈ ಏಳಲಿಲ್ಲ. ಬೀಗ ಹಾಕಿ ಬಸ್ಸು ಹತ್ತಿದೆ.

ಊರು ಮುಟ್ಟಿದಾಗ ಸಂಜೆಯ ಹಾಲಿನ ಹೊತ್ತು. ಡೇರಿಯ ಮುಂದೆ ಪಾತ್ರೆ ಹಿಡಿದವರ ಸಾಲು. ಒಳಗೆ ನೀರು ನಿಂತ ನೆಲದ ಮೇಲೆ ಅವಳು ಅತ್ತಿತ್ತ ಓಡಾಡುತ್ತ ಹಾಲು ಸುರಿಸಿಕೊಳ್ಳುತ್ತಿದ್ದಳು, ಡಿಗ್ರಿ ಕೂಗುತ್ತಿದ್ದಳು, ಪುಸ್ತಕದಲ್ಲಿ ಬರೆಯುತ್ತಿದ್ದಳು. ನನ್ನನ್ನು ನೋಡಿ ಹುಬ್ಬೇರಿಸಿದಳು.

“ಏನ್ ಸಾ ಈ ಕಡೆ?”

“ಇಲ್ಲೇ ಕೆಲಸ ಇತ್ತು. ಎರಡು ಸೋಮವಾರ ಬರಲಿಲ್ಲ ನೀನು.”

ಅವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಮರ್ತೇ ಓಯ್ತು ಕಣ್ ಸಾ. ಒತ್ತಾರೆದೂ ನಂಗೇ ಕೊಟ್ಟವ್ರೆ ಈಗ. ಕಾಲಿನ ಗ್ಯಾನನೇ ಇರಲ್ಲ.”

ಸ್ಟೂಲಿನ ಮೇಲೆ ಕಾಲಿಟ್ಟು ಸೀರೆ ಒಂದು ಗೇಣು ಮೇಲೆತ್ತಿದಳು. ಹಿಮ್ಮಡಿಯ ತಿರುವಿನ ಮೇಲೆ ಹೆಬ್ಬೆರಳು ಆಡಿಸಿದೆ. ಗೀರಿಲ್ಲ, ಬಿರುಕಿಲ್ಲ. ಉಗುರಿನಿಂದ ತಟ್ಟಿದರೆ ಒಂದೇ ಸಮನಾದ ಸದ್ದು. ಸಾಲಿನಲ್ಲಿದ್ದ ಯಾರೋ “ಟೆಸ್ಟರಮ್ಮಾ, ಹಾಲು ಒಡೆದೋಯ್ತದೆ ಕಣಮ್ಮ” ಎಂದು ಕೂಗಿದರು. “ಬಂದೆ ಇರಣ್ಣೋ” ಎನ್ನುತ್ತ ಅವಳು ಕಾಲು ಇಳಿಸಿಕೊಂಡು ಹೋದಳು. ನಾನು ಸ್ವಲ್ಪ ಹೊತ್ತು ಬಾಗಿಲ ಪಕ್ಕ ನಿಂತಿದ್ದೆ. ಸಾಲು ಕರಗುವಂತೆ ಕಾಣಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಮುಂದಿನ ಸೋಮವಾರ ಛತ್ರದ ಕೋಣೆಯಲ್ಲಿ ರಿಜಿಸ್ಟರ್ ತೆಗೆದು, ಅವಳ ಹೆಸರಿನ ಮುಂದೆ ‘ಇನ್ನು ಬರಬೇಕಾಗಿಲ್ಲ’ ಎಂದು ಬರೆದೆ. ಬರೆದದ್ದನ್ನು ಎರಡು ಸಲ ಓದಿದೆ. ಆಮೇಲೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದವರನ್ನು ಒಳಗೆ ಕರೆದೆ.